ಮನೆ ಬದಲಾದರೆ ವಿಲ್ ಬದಲಾಗಬೇಕೆ?

ನಿವೃತ್ತಿಯ ನಂತರ ಮಕ್ಕಳಿರುವ ಊರಿಗೆ ಹೋಗಿ ನೆಲೆಸುವುದು ಈಗ ನಮ್ಮಲ್ಲಿ ಸಾಮಾನ್ಯ. ಧಾರವಾಡದ ಮನೆಗೆ ಬೀಗ ಹಾಕಿ ಪುಣೆಗೆ, ಮೈಸೂರಿನಿಂದ ಚೆನ್ನೈಗೆ, ಉಡುಪಿಯಿಂದ ಮುಂಬೈಗೆ ಹೊರಡುವ ಹಿರಿಯರು ಬ್ಯಾಂಕಿನಲ್ಲಿ ವಿಳಾಸ ಬದಲಿಸುತ್ತಾರೆ, ಆಧಾರ್ ತಿದ್ದಿಸುತ್ತಾರೆ, ಗ್ಯಾಸ್ ಸಂಪರ್ಕ ವರ್ಗಾಯಿಸಿಕೊಳ್ಳುತ್ತಾರೆ. ಇಷ್ಟೆಲ್ಲ ಮುಗಿದ ಮೇಲೆ ಬೀರುವಿನಲ್ಲಿಟ್ಟ ವಿಲ್ ನೆನಪಾಗುತ್ತದೆ. ಬರೆಸಿದ್ದು ಕರ್ನಾಟಕದಲ್ಲಿ, ನೋಂದಣಿಯಾದದ್ದು ಇಲ್ಲಿನ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ, ಭಾಷೆ ಕನ್ನಡ, ಸಾಕ್ಷಿ ಹಾಕಿದವರು ಹಳೆಯ ಬೀದಿಯ ನೆರೆಹೊರೆಯವರು. ಇನ್ನೊಂದು ರಾಜ್ಯದಲ್ಲಿ ಇದು ನಡೆಯುತ್ತದೆಯೇ, ಹೊಸದಾಗಿ ಬರೆಸಬೇಕೇ ಎಂಬ ಅಳುಕು ಆಗ ಶುರುವಾಗುತ್ತದೆ.

ನಡೆಯುತ್ತದೆ. ಭಾರತದೊಳಗೆ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋದ ಮಾತ್ರಕ್ಕೆ ಯಾವ ವಿಲ್ಲೂ ಬಿದ್ದುಹೋಗುವುದಿಲ್ಲ. ಮರುನೋಂದಣಿ ಬೇಕಿಲ್ಲ, ಹೊಸ ರಾಜ್ಯದ ಛಾಪಾ ಕಾಗದ ಬೇಕಿಲ್ಲ. ವಿಲ್‌ಗೆ ಛಾಪಾ ಕಾಗದವೇ ಬೇಕಿಲ್ಲ, ಬಿಳಿ ಹಾಳೆ ಸಾಕು. ಆದರೆ ಸಿಂಧುವಾದ ವಿಲ್ ಬೇರೆ, ಕೆಲಸಕ್ಕೆ ಬರುವ ವಿಲ್ ಬೇರೆ. ಗಡಿ ದಾಟಿದಾಗ ಕಾಗದಕ್ಕೆ ಏನೂ ಆಗುವುದಿಲ್ಲ. ಅದನ್ನು ರುಜುವಾತು ಮಾಡುವ ದಾರಿ ಕಠಿಣವಾಗುತ್ತದೆ, ಜೊತೆಗೆ ಜಮೀನು ಯಾವ ರಾಜ್ಯದಲ್ಲಿದೆಯೋ ಆ ರಾಜ್ಯದ ಕಾನೂನು ನಡುವೆ ಬರುತ್ತದೆ. ಜನ ಕಾಗದದ ಸಿಂಧುತ್ವದ ಬಗ್ಗೆ ಚಿಂತಿಸಿ ಈ ಎರಡನ್ನು ಮರೆಯುತ್ತಾರೆ ಎಂಬುದೇ ನನ್ನ ಕಳವಳ.

ವಿಲ್ ಯಾಕೆ ಬೀಳುವುದಿಲ್ಲ ಎಂಬುದನ್ನು ಮೊದಲು ನೋಡೋಣ. ಅಮೆರಿಕದಲ್ಲಿ ಒಬ್ಬ ವ್ಯಕ್ತಿಗೆ ರಾಜ್ಯದ ಮಟ್ಟದಲ್ಲೇ ಕಾಯಂ ನೆಲೆ ಇರುತ್ತದೆ. ಉತ್ತರಾಧಿಕಾರದ ಕಾನೂನು ಅಲ್ಲಿ ಆಯಾ ರಾಜ್ಯದ್ದು. ನಮ್ಮಲ್ಲಿ ಹಾಗಿಲ್ಲ. ಪ್ರದೀಪ್ ಜೈನ್ ಪ್ರಕರಣದ 1984ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಈ ದೇಶದಲ್ಲಿ ಇರುವುದು ಒಂದೇ ಕಾಯಂ ನೆಲೆ, ಅದು ಭಾರತದ್ದು ಎಂದು ಹೇಳಿತು. ಅದು ವೈದ್ಯಕೀಯ ಸೀಟುಗಳ ಮೊಕದ್ದಮೆಯಾದರೂ ಮಾತು ಇಲ್ಲಿಗೂ ಸಲ್ಲುತ್ತದೆ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ವಿಲ್ ಮತ್ತು ಉತ್ತರಾಧಿಕಾರ ಸಮವರ್ತಿ ಪಟ್ಟಿಯ 5ನೇ ನಮೂದಿನಲ್ಲಿವೆ. ಕೇಂದ್ರದ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯೇ ಬಹುಪಾಲು ದೇಶಕ್ಕೆ ಅಳತೆಗೋಲು. ಆದರೆ ಭೂಮಿ ರಾಜ್ಯ ಪಟ್ಟಿಯ 18ನೇ ನಮೂದು. ಈ ಲೇಖನದಲ್ಲಿ ಮುಂದೆ ಬರುವ ತೊಡಕುಗಳಲ್ಲಿ ಹಲವಕ್ಕೆ ಮೂಲ ಈ ಎರಡು ನಮೂದುಗಳ ನಡುವಿನ ಅಂತರದಲ್ಲಿದೆ.

ಆ ಕಾಯ್ದೆಯ ಸೆಕ್ಷನ್ 63 ಕೇಳುವುದು ತೀರಾ ಸರಳ. ಬರೆದವರು ಸಹಿ ಅಥವಾ ಹೆಬ್ಬೆಟ್ಟು ಹಾಕಿರಬೇಕು. ಕನಿಷ್ಠ ಇಬ್ಬರು ಸಾಕ್ಷಿಗಳು ಅದನ್ನು ಕಣ್ಣಾರೆ ಕಂಡಿರಬೇಕು, ಇಲ್ಲವೇ ಸಹಿ ತಮ್ಮದೇ ಎಂದು ಬರೆದವರ ಬಾಯಿಂದ ಕೇಳಿರಬೇಕು. ಪ್ರತಿ ಸಾಕ್ಷಿಯೂ ಬರೆದವರ ಎದುರಿನಲ್ಲೇ ಸಹಿ ಮಾಡಿರಬೇಕು. ಇಬ್ಬರೂ ಒಟ್ಟಿಗೆ ಇರಲೇಬೇಕೆಂದಿಲ್ಲ. ಇಂಥದೇ ನಮೂನೆ, ಇಂಥದೇ ಭಾಷೆ ಎಂಬ ಕಟ್ಟಳೆ ಇಲ್ಲ. ಬಳ್ಳಾರಿಯಲ್ಲಿ ಹೀಗೆ ಸಹಿಯಾದದ್ದು ಭೋಪಾಲದಲ್ಲೂ ವಿಲ್ಲೇ.

ನೋಂದಣಿಯೂ ಐಚ್ಛಿಕ. 1908ರ ನೋಂದಣಿ ಕಾಯ್ದೆಯ ಪ್ರಕಾರ ಆಸ್ತಿ ಇರುವ ಊರಿನ ಕಚೇರಿಯಲ್ಲೇ ವಿಲ್ ನೋಂದಾಯಿಸಬೇಕೆಂಬ ಕಡ್ಡಾಯ ಇಲ್ಲ. ಕ್ರಯಪತ್ರಕ್ಕಿರುವ ಕಟ್ಟು ವಿಲ್‌ಗೆ ಇಲ್ಲ. ಮೈಸೂರಿನಲ್ಲಿ ನೋಂದಾಯಿಸಿದ ವಿಲ್‌ನಲ್ಲಿ ಪುಣೆಯ ಫ್ಲ್ಯಾಟ್ ಸೇರಬಹುದು. ಮುಚ್ಚಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಯ ಬಳಿ ಠೇವಣಿ ಇಡುವ ಅವಕಾಶವೂ ಇದೆ, ಬಳಸುವವರು ಕಡಿಮೆ. ಊರು ಬಿಡುವವರಿಗೆ ನೋಂದಣಿಯಿಂದ ಆಗುವ ದೊಡ್ಡ ಉಪಕಾರ ಇನ್ನೊಂದಿದೆ. ಮನೆ ಸಾಮಾನು ಲಾರಿಗೆ ಹೇರುವ ಗಡಿಬಿಡಿಯಲ್ಲಿ ಕಾಗದಪತ್ರ ಕಳೆದುಹೋಗುವುದುಂಟು. ನೋಂದಾಯಿತ ವಿಲ್‌ನ ನಕಲು ಬದುಕಿರುವಾಗ ಬರೆದವರಿಗೆ ಅಥವಾ ಅವರ ಪ್ರತಿನಿಧಿಗೆ ಮಾತ್ರ ಸಿಗುತ್ತದೆ, ಅವರ ಕಾಲಾನಂತರ ಅರ್ಜಿ ಹಾಕಿದ ಯಾರಿಗೂ ಸಿಗುತ್ತದೆ. ಯಾವ ಕಚೇರಿ, ಯಾವ ವರ್ಷ, ಯಾವ ಸಂಖ್ಯೆ ಎಂಬುದಷ್ಟು ಮಕ್ಕಳಿಗೆ ಗೊತ್ತಿದ್ದರೆ ಸಾಕು. ಆದರೆ ನೋಂದಣಿಯಾದ ಮಾತ್ರಕ್ಕೆ ವಿಲ್ ರುಜುವಾತಾದಂತಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ರುಜುವಾತು ಎಂದರೆ ಸಾಕ್ಷಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 67, ಹಳೆಯ ಸಾಕ್ಷ್ಯ ಕಾಯ್ದೆಯ ಸೆಕ್ಷನ್ 68 ಹೇಳಿದ್ದನ್ನೇ ಹೇಳುತ್ತದೆ: ಸಾಕ್ಷಿ ಸಹಿ ಮಾಡಿದವರಲ್ಲಿ ಒಬ್ಬರಾದರೂ ಬದುಕಿದ್ದು, ನುಡಿಯಬಲ್ಲವರಾಗಿದ್ದರೆ ಅವರನ್ನು ನ್ಯಾಯಾಲಯಕ್ಕೆ ಕರೆಸಲೇಬೇಕು. ಯಾರೂ ಸಿಗದಿದ್ದರೆ ಒಬ್ಬ ಸಾಕ್ಷಿಯ ಕೈಬರಹವನ್ನೂ ಬರೆದವರ ಸಹಿಯನ್ನೂ ಗುರುತಿಸುವವರನ್ನು ಹುಡುಕಬೇಕು. ಮೂವತ್ತು ವರ್ಷ ಹಳೆಯ ದಾಖಲೆ ತಾನೇ ತಾನಾಗಿ ರುಜುವಾತಾದಂತೆ ಎಂಬ ಊಹೆಯ ಅನುಕೂಲ ವಿಲ್‌ಗೆ ಇಲ್ಲ. ಭರ್ಪೂರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸ್ಪಷ್ಟಪಡಿಸಿದೆ.

ಇನ್ನು ನಮ್ಮ ಮನೆಗಳಲ್ಲಿರುವ ವಿಲ್‌ಗಳ ಕೊನೆಯ ಪುಟ ತೆರೆದು ನೋಡಿ. ‘ಸಾಕ್ಷಿಗಳು’ ಎಂದು ಬರೆದು, ಕೆಳಗೆ 1, 2 ಎಂದು ಹಾಕಿ, ಎದುರಿಗೆ ಓದಲಾಗದ ಎರಡು ಸಹಿ. ಕೆಲವೊಮ್ಮೆ ಬರೀ ಇನಿಷಿಯಲ್ಸ್. ಹೆಸರಿದ್ದರೆ ವಿಳಾಸವಿಲ್ಲ, ವಿಳಾಸವಿದ್ದರೆ ‘ಇದೇ ಬೀದಿ’ ಎಂಬಷ್ಟೇ. ಬರೆಸುವ ದಿನ ಅದು ಸಾಕೆನಿಸುತ್ತದೆ, ಯಾಕೆಂದರೆ ಅವರು ಪಕ್ಕದ ಮನೆಯವರು. ಹದಿನೈದು ವರ್ಷ ಕಳೆದು, ಬರೆದವರು ನಾಗಪುರದಲ್ಲಿ ತೀರಿಕೊಂಡು, ತಮ್ಮನ ಮಕ್ಕಳು ತಕರಾರು ತೆಗೆದಾಗ ಮಗಳು ಆ ಎರಡು ಸಹಿಗಳ ಒಡೆಯರನ್ನು ಗದಗಿನ ಯಾವ ಬಡಾವಣೆಯಲ್ಲಿ ಹುಡುಕಬೇಕು? ಒಬ್ಬರು ತೀರಿಕೊಂಡಿರಬಹುದು, ಇನ್ನೊಬ್ಬರು ತಮ್ಮ ಮಗನ ಜೊತೆ ಹೈದರಾಬಾದಿಗೆ ಹೋಗಿರಬಹುದು. ಊರು ಬಿಟ್ಟದ್ದರಿಂದ ವಿಲ್‌ಗೆ ಆಗುವ ನಿಜವಾದ ಪೆಟ್ಟು ಇದು. ಕಾನೂನಿನ ಪುಸ್ತಕದಲ್ಲಿ ಇದಕ್ಕೆ ಶೀರ್ಷಿಕೆ ಇಲ್ಲ, ಆದ್ದರಿಂದ ಯಾರೂ ಎಚ್ಚರಿಸುವುದಿಲ್ಲ.

ಹಾಗಾದರೆ ಹೊಸ ಊರಿನಲ್ಲಿ ಹೊಸ ವಿಲ್ ಬರೆಸಿಬಿಡುವುದೇ ಮೇಲಲ್ಲವೇ? ಇಲ್ಲಿ ದುಡುಕಬಾರದು ಎನ್ನುತ್ತೇನೆ. ಕಾರಣ ಹಳೆಯ ಮೈಸೂರಿನ ಒಂದು ಮೊಕದ್ದಮೆ. ಎಚ್. ವೆಂಕಟಾಚಲ ಅಯ್ಯಂಗಾರ್ ವಿರುದ್ಧ ಬಿ.ಎನ್. ತಿಮ್ಮಾಜಮ್ಮ, 1958ರ ನವೆಂಬರ್‌ನಲ್ಲಿ ನ್ಯಾಯಮೂರ್ತಿ ಪಿ.ಬಿ. ಗಜೇಂದ್ರಗಡ್ಕರ್ ಕೊಟ್ಟ ತೀರ್ಪು. ವಿಲ್ ವಿವಾದ ಯಾವ ರಾಜ್ಯದಲ್ಲಿ ನಡೆಯಲಿ, ವಕೀಲರು ಮೊದಲು ಎತ್ತುವ ತೀರ್ಪು ಇದೇ. ಉಳಿದ ಪತ್ರಗಳನ್ನು ಬರೆದವರು ಕಟಕಟೆಗೆ ಬಂದು ಹೇಳಬಹುದು, ವಿಲ್ ಬರೆದವರು ಬರಲಾರರು. ಆದ್ದರಿಂದ ಸಂಶಯ ಹುಟ್ಟಿಸುವ ಸಂದರ್ಭಗಳಿದ್ದರೆ ಅವನ್ನು ನಿವಾರಿಸುವ ಹೊಣೆ ವಿಲ್ ಹಿಡಿದು ಬಂದವರದೇ ಎಂಬುದು ಅದರ ಸಾರ. ನಡುಗುವ ಸಹಿ, ಕುಗ್ಗಿದ ಬುದ್ಧಿಶಕ್ತಿ, ಸಹಜವಲ್ಲದ ಹಂಚಿಕೆ, ಲಾಭ ಪಡೆಯುವವರೇ ಮುಂದೆ ನಿಂತು ಬರೆಸಿದ್ದು ಇವೆಲ್ಲ ಸಂಶಯದ ಸಂದರ್ಭಗಳು. ಆ ಮೊಕದ್ದಮೆಯಲ್ಲಿ ಸಂಶಯ ನೀಗದೆ ವಿಲ್ ನಿಲ್ಲಲಿಲ್ಲ.

ಈ ಅಳತೆಯನ್ನು ವಲಸೆ ಹೋದ ಹಿರಿಯರಿಗೆ ಹಚ್ಚಿ ನೋಡಿ. ಎಂಬತ್ತು ದಾಟಿದ ತಾಯಿ ಮಗನ ಮನೆಯಲ್ಲಿದ್ದಾರೆ. ಆ ಊರಿನ ಭಾಷೆ ಅವರಿಗೆ ಬಾರದು. ಮಗನ ವಕೀಲರು ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ವಿಲ್ ಬರೆದಿದ್ದಾರೆ, ಮಗನ ಸಹೋದ್ಯೋಗಿಗಳು ಸಾಕ್ಷಿ ಹಾಕಿದ್ದಾರೆ, ಆಸ್ತಿಯ ಹೆಚ್ಚು ಪಾಲು ಆ ಮಗನಿಗೇ. ತಾಯಿ ಮನಃಪೂರ್ವಕವಾಗಿ ಬರೆಸಿದ್ದೇ ಇರಬಹುದು. ಆದರೂ ನ್ಯಾಯಾಲಯ ಅದನ್ನು ಹತ್ತು ಕಣ್ಣಿಂದ ನೋಡುತ್ತದೆ. ಹತ್ತು ವರ್ಷದ ಹಿಂದೆ, ತಮ್ಮದೇ ಮನೆಯಲ್ಲಿ, ತಮಗೆ ಗೊತ್ತಿದ್ದ ಭಾಷೆಯಲ್ಲಿ, ತಮ್ಮ ಸಲುಗೆಯವರನ್ನು ಕರೆದು ಅವರು ಬರೆದಿಟ್ಟ ಹಳೆಯ ಪತ್ರವೇ ಎಷ್ಟೋ ಪಾಲು ಗಟ್ಟಿ. ಹಂಚಿಕೆಯ ಇಚ್ಛೆ ಬದಲಾಗದಿದ್ದರೆ ಸ್ಥಳ ಬದಲಾದ ಒಂದೇ ಕಾರಣಕ್ಕೆ ಅದನ್ನು ರದ್ದು ಮಾಡಿ ಹೊಸದು ಬರೆಸುವುದು ಗಟ್ಟಿಯಾದದ್ದನ್ನು ಬಿಟ್ಟು ಸಡಿಲವಾದದ್ದನ್ನು ಹಿಡಿದಂತೆ. ನಿಜಕ್ಕೂ ಬದಲಾವಣೆ ಬೇಕಾದರೆ ಕನ್ನಡದಲ್ಲೇ ಬರೆಸಿ. ಬೇರೆ ರಾಜ್ಯದ ನ್ಯಾಯಾಲಯಕ್ಕೆ ಕನ್ನಡದ ವಿಲ್ ಹೋದರೆ ಅನುವಾದ ಲಗತ್ತಿಸಲು ಉತ್ತರಾಧಿಕಾರ ಕಾಯ್ದೆಯ ಸೆಕ್ಷನ್ 277ರಲ್ಲಿ ದಾರಿಯಿದೆ. ಬರೆದವರಿಗೆ ಅರ್ಥವಾಗದ ವಿಲ್‌ಗೆ ಅಂಥ ದಾರಿ ಯಾವ ಸೆಕ್ಷನ್ನಿನಲ್ಲೂ ಇಲ್ಲ.

ಮುಂಬೈ, ಚೆನ್ನೈ, ಕೋಲ್ಕತ್ತಾಗಳ ವಿಚಾರ ಇತ್ತೀಚಿನವರೆಗೂ ಬೇರೆಯೇ ಇತ್ತು. 1870ರ ಹಿಂದೂ ವಿಲ್ಸ್ ಕಾಯ್ದೆಯಿಂದ ಬಂದ ನಿಯಮ 1925ರ ಕಾಯ್ದೆಯ ಸೆಕ್ಷನ್ 57 ಮತ್ತು 213ರಲ್ಲಿ ಮುಂದುವರಿದಿತ್ತು. ಹಿಂದೂ, ಬೌದ್ಧ, ಸಿಖ್, ಜೈನರು ಮುಂಬೈ ಮತ್ತು ಮದ್ರಾಸ್ ಹೈಕೋರ್ಟುಗಳ ಮೂಲ ಸಿವಿಲ್ ಅಧಿಕಾರ ವ್ಯಾಪ್ತಿಯೊಳಗೆ ಇಲ್ಲವೇ ಹಳೆಯ ಬಂಗಾಳ ಪ್ರಾಂತ್ಯದಲ್ಲಿ ವಿಲ್ ಬರೆದರೆ, ಅಥವಾ ಹೊರಗೆ ಬರೆದರೂ ಅದರಲ್ಲಿ ಆ ವ್ಯಾಪ್ತಿಯ ಸ್ಥಿರಾಸ್ತಿ ಇದ್ದರೆ, ಪ್ರೊಬೇಟ್ ಪಡೆಯದೆ ಯಾವ ನ್ಯಾಯಾಲಯದಲ್ಲೂ ಹಕ್ಕು ಸಾಧಿಸುವಂತಿರಲಿಲ್ಲ. ಪ್ರೊಬೇಟ್ ಎಂದರೆ ವಿಲ್ ನಿಜವಾದದ್ದೆಂದು ನ್ಯಾಯಾಲಯ ಮುದ್ರೆ ಒತ್ತಿ ಕೊಡುವ ಪ್ರಮಾಣ. ಬೆಂಗಳೂರಿನಲ್ಲಿ ಬರೆದು ಬೆಂಗಳೂರಿನ ಸೈಟ್ ಕೊಟ್ಟರೆ ಅದು ಬೇಕಿರಲಿಲ್ಲ. ಅದೇ ಸೈಟನ್ನು ದಾದರ್‌ನ ಮಗಳ ಮನೆಯಲ್ಲಿ ಕೂತು ಬರೆದ ವಿಲ್‌ನಲ್ಲಿ ಕೊಟ್ಟರೆ ಬೇಕಿತ್ತು. ಥಾಣೆಯಲ್ಲಿ ಕೂತು ಬರೆದಿದ್ದರೆ ಬೇಕಿರಲಿಲ್ಲ. ಬರೆದ ಜಾಗ ಇಷ್ಟು ಮುಖ್ಯವಾಗಿತ್ತು. ಮುಸ್ಲಿಮರಿಗೆ ಈ ಕಡ್ಡಾಯ ಇರಲಿಲ್ಲ. ಕ್ರೈಸ್ತರಿಗೆ ದೇಶದ ಬಹುಪಾಲು ಕಡೆ ಇತ್ತು. ಕ್ಲಾರೆನ್ಸ್ ಪೈಸ್ ಪ್ರಕರಣದಲ್ಲಿ 2001ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಾರತಮ್ಯವೆಂದು ಒಪ್ಪಲಿಲ್ಲ, ಮರುವರ್ಷ ಸಂಸತ್ತೇ ತಿದ್ದುಪಡಿ ತಂದು ಭಾರತೀಯ ಕ್ರೈಸ್ತರನ್ನು ಬಿಡುಗಡೆ ಮಾಡಿತು.

2025ರ ಡಿಸೆಂಬರ್‌ನಲ್ಲಿ ಸಂಸತ್ತು ಅಂಗೀಕರಿಸಿದ ರದ್ದತಿ ಮತ್ತು ತಿದ್ದುಪಡಿ ಕಾಯ್ದೆ ಸೆಕ್ಷನ್ 213ನ್ನೇ ತೆಗೆದುಹಾಕಿದೆ. ಒಂದೂವರೆ ಶತಮಾನದ ಭೇದ ಅಲ್ಲಿಗೆ ಮುಗಿಯಿತು. ಮುಂಬೈಗೆ ಹೋದ ಕನ್ನಡಿಗರ ಪಾಲಿಗೆ ಇದಕ್ಕಿಂತ ದೊಡ್ಡ ಸುದ್ದಿ ಈ ವಿಷಯದಲ್ಲಿ ಇನ್ನೊಂದಿಲ್ಲ, ಆದರೆ ಅದು ಎಷ್ಟು ಜನರನ್ನು ತಲುಪಬೇಕಿತ್ತೋ ಅಷ್ಟು ಜನರನ್ನು ತಲುಪಿಲ್ಲ. ಕಡ್ಡಾಯ ಹೋಯಿತೆಂದರೆ ಪ್ರೊಬೇಟೇ ಹೋಯಿತೆಂದಲ್ಲ. ತಕರಾರು ಬರುವ ಸಂಭವವಿದ್ದರೆ ಅದನ್ನು ಪಡೆಯುವುದೇ ಜಾಣತನ, ಹೌಸಿಂಗ್ ಸೊಸೈಟಿ ಅಥವಾ ಬ್ಯಾಂಕಿನವರು ಅದನ್ನು ಕೇಳುವ ರೂಢಿಯೂ ಒಮ್ಮೆಲೇ ಬಿಡುವುದಿಲ್ಲ. ತಿದ್ದುಪಡಿಗೆ ಮೊದಲೇ ತೀರಿಕೊಂಡವರ ವಿಲ್ ಕೈಯಲ್ಲಿರುವವರು ವಕೀಲರನ್ನು ಕೇಳಿಯೇ ಮುಂದುವರಿಯಬೇಕು.

ಜಮೀನಿನ ವಿಚಾರಕ್ಕೆ ಬಂದರೆ ರಾಜ್ಯದ ಗಡಿ ನಿಜವಾಗಿ ಕಾಣಿಸಿಕೊಳ್ಳುತ್ತದೆ. ಕೃಷಿಕರಲ್ಲದವರು ಕೃಷಿಭೂಮಿ ಹೊಂದುವುದನ್ನು ತಡೆಯುತ್ತಿದ್ದ ಕರ್ನಾಟಕ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಸೆಕ್ಷನ್‌ಗಳು 2020ರ ತಿದ್ದುಪಡಿಯಲ್ಲಿ ಹೋದವು. ಇದನ್ನೇ ನೆನಪಿಟ್ಟುಕೊಂಡು ಎಲ್ಲೆಡೆ ಹೀಗೇ ಎಂದುಕೊಂಡರೆ ಕೆಟ್ಟೆವು. ಅದೇ ವರ್ಷ ವಿನೋದಚಂದ್ರ ಕಪಾಡಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಗುಜರಾತಿನ ಗೇಣಿ ಕಾಯ್ದೆಯ ಪ್ರಕಾರ ಕೃಷಿಕರಲ್ಲದವರಿಗೆ ವಿಲ್ ಮೂಲಕ ಕೃಷಿ ಜಮೀನು ಬಿಡಲಾಗದು ಎಂದು ತೀರ್ಮಾನಿಸಿತು. ಕ್ರಯ, ದಾನಕ್ಕೆ ಇರುವ ನಿರ್ಬಂಧವನ್ನು ವಿಲ್ ಎಂಬ ಬಾಗಿಲಿನಿಂದ ದಾಟಲು ಬಿಟ್ಟರೆ ಕಾಯ್ದೆಯ ಉದ್ದೇಶವೇ ಕೆಡುತ್ತದೆ ಎಂಬುದು ಅದರ ತರ್ಕ. ನಮ್ಮ ಜಮಖಂಡಿಯ ಸಂಗಪ್ಪ ಕಲ್ಯಾಣಪ್ಪ ಬಂಗಿ ಪ್ರಕರಣದಲ್ಲೂ 1998ರಲ್ಲಿ ಇಂಥದೇ ತರ್ಕ ಗೆದ್ದಿತ್ತು: ಗೇಣಿದಾರ ತನ್ನ ಗೇಣಿ ಹಕ್ಕನ್ನು ಮೂರನೆಯವರಿಗೆ ವಿಲ್ ಬರೆದು ಕೊಡುವಂತಿಲ್ಲ. ಎರಡು ಪ್ರಕರಣಗಳಲ್ಲೂ ವಿಲ್‌ನ ನಮೂನೆಯಿಂದಾಗಿ ಸೋಲಾಗಲಿಲ್ಲ. ಸಹಿ, ಸಾಕ್ಷಿ ಎಲ್ಲ ಸರಿಯಿದ್ದರೂ ಆ ನೆಲದ ಕಾನೂನು ಆ ಹಸ್ತಾಂತರವನ್ನು ಒಪ್ಪಲಿಲ್ಲ. ಬರೆದವರು ಎಲ್ಲಿ ವಾಸವಾಗಿದ್ದಾರೆ ಎಂಬುದಕ್ಕೆ ಇಲ್ಲಿ ಬೆಲೆಯೇ ಇಲ್ಲ.

ಪಿತ್ರಾರ್ಜಿತದ ಪ್ರಶ್ನೆಯೂ ಹಾಗೆಯೇ, ಊರಿಗಿಂತ ಆಸ್ತಿಯ ಸ್ವರೂಪ ಮುಖ್ಯ. ಹಿಂದೂ ಉತ್ತರಾಧಿಕಾರ ಕಾಯ್ದೆಯ ಸೆಕ್ಷನ್ 30 ಅವಿಭಕ್ತ ಆಸ್ತಿಯಲ್ಲಿ ತನ್ನ ಪಾಲನ್ನಷ್ಟೇ ವಿಲ್ ಮಾಡಲು ಬಿಡುತ್ತದೆ. ಕರಾವಳಿಯ ಅಳಿಯಸಂತಾನದ ಕುಟುಂಬ, ಅದರ ಕವಲುಗಳಾದ ಕವರುಗಳ ಸದಸ್ಯರ ಪಾಲನ್ನೂ ಅದೇ ಸೆಕ್ಷನ್ ಹೆಸರಿಸಿ ಸೇರಿಸಿಕೊಂಡಿದೆ. ಮಂಗಳೂರು ಬಿಟ್ಟು ಮುಂಬೈಗೆ ಹೋಟೆಲ್ ನಡೆಸಲು ಹೋದವರ ಪಾಲು ಅದರಿಂದ ಹೆಚ್ಚೂ ಆಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ. ಮುಸ್ಲಿಮರು ಸಾಮಾನ್ಯವಾಗಿ ಆಸ್ತಿಯ ಮೂರನೇ ಒಂದು ಪಾಲಿಗಿಂತ ಹೆಚ್ಚನ್ನು ವಾರಸುದಾರರ ಒಪ್ಪಿಗೆಯಿಲ್ಲದೆ ವಿಲ್ ಮಾಡುವಂತಿಲ್ಲ. ಅದೂ ವೈಯಕ್ತಿಕ ಕಾನೂನು, ರಾಜ್ಯದೊಂದಿಗೆ ಬದಲಾಗುವಂಥದ್ದಲ್ಲ.

ರಾಜ್ಯದೊಂದಿಗೆ ಬದಲಾಗುವ ಎರಡು ಉದಾಹರಣೆ ಮಾತ್ರ ಗಮನಕ್ಕೆ ಬೇಕು. ಉತ್ತರಾಖಂಡದ ಏಕರೂಪ ನಾಗರಿಕ ಸಂಹಿತೆ 2025ರ ಜನವರಿ 27ರಂದು ಜಾರಿಗೆ ಬಂತು. ಅಲ್ಲಿ ಒಂದು ವರ್ಷ ವಾಸವಾಗಿರುವವರೂ ನಿವಾಸಿಗಳ ಲೆಕ್ಕಕ್ಕೆ ಸೇರುತ್ತಾರೆ, ಅಂಥವರಿಗೆ ವಿಲ್‌ನ ವಿಚಾರದಲ್ಲಿ ಅಲ್ಲಿನ ಸಂಹಿತೆ. ಡೆಹ್ರಾಡೂನಿಗೆ ಹೋಗಿ ನೆಲೆಸುವವರು ಇದನ್ನು ಕೇಳಿ ತಿಳಿಯಬೇಕು.

ಇನ್ನೊಂದು ನಮ್ಮ ಪಕ್ಕದ ಗೋವಾ. ಪೋರ್ಚುಗೀಸರ 1867ರ ನಾಗರಿಕ ಸಂಹಿತೆಯ ವಾರಸಾ ನಿಯಮಗಳು ಅಲ್ಲಿ ವಿಮೋಚನೆಯ ನಂತರವೂ ಉಳಿದವು, ಈಗ 2012ರ ರಾಜ್ಯ ಕಾಯ್ದೆಯ ರೂಪದಲ್ಲಿವೆ. ಮಕ್ಕಳಿದ್ದರೆ ಅರ್ಧ ಆಸ್ತಿ ಅವರಿಗೆ ಮೀಸಲು, ಉಳಿದರ್ಧವನ್ನಷ್ಟೇ ಇಷ್ಟ ಬಂದವರಿಗೆ ಬರೆಯಬಹುದು. ಈ ಕಾನೂನಿಗೆ ಸೇರಿದವರೊಬ್ಬರು 1951ರಲ್ಲಿ ಮುಂಬೈಯಲ್ಲಿ ಆಸ್ತಿ ಕೊಂಡು, ಅಲ್ಲೇ ವಾಸವಿದ್ದು, 1957ರಲ್ಲಿ ಅದನ್ನು ಒಬ್ಬ ಮಗಳಿಗೆ ವಿಲ್ ಬರೆದಿದ್ದರು. ಬಾಂಬೆ ಹೈಕೋರ್ಟಿನಿಂದ ಪ್ರೊಬೇಟೂ ಸಿಕ್ಕಿತ್ತು. ವಿವಾದ ಸುಪ್ರೀಂ ಕೋರ್ಟ್ ಮುಟ್ಟಿ 2019ರ ಸೆಪ್ಟೆಂಬರ್‌ನಲ್ಲಿ ಜೋಸ್ ಪಾವ್ಲೊ ಕುಟಿನ್ಹೊ ಪ್ರಕರಣವೆಂದು ತೀರ್ಮಾನವಾಯಿತು: ಗೋವಾದವರ ಆಸ್ತಿ ದೇಶದ ಯಾವ ಮೂಲೆಯಲ್ಲಿದ್ದರೂ ಗೋವಾದ ವಾರಸಾ ಕಾನೂನೇ ಅನ್ವಯ. ಬರೆದು ಅರವತ್ತೆರಡು ವರ್ಷವಾದ ಮೇಲೆ ಬಂದ ಮಾತು ಇದು. ಕಾರವಾರ, ಜೋಯಿಡಾ, ಖಾನಾಪುರದ ಎಷ್ಟೋ ಮನೆಗಳಿಗೆ ಗೋವಾದೊಂದಿಗೆ ಕೊಡು-ಕೊಳ್ಳುವ ನಂಟಿದೆ. ಮಡಗಾಂವಿಗೆ ಮದುವೆಯಾಗಿ ಹೋದ ಮಗಳ ಗಂಡನ ಹೆಸರಿನಲ್ಲಿ ಬೆಳಗಾವಿಯಲ್ಲಿ ನಿವೇಶನವಿದ್ದರೆ ಅದರ ಹಂಚಿಕೆಯನ್ನು ಬೆಳಗಾವಿಯ ಲೆಕ್ಕದಲ್ಲಿ ಯೋಚಿಸಬಾರದು. ಗೋವಾಕ್ಕೆ ಬರೀ ಕೆಲಸಕ್ಕೆಂದು ಹೋಗಿ ಬಾಡಿಗೆ ಮನೆಯಲ್ಲಿರುವ ಕನ್ನಡಿಗರ ಮಾತು ಬೇರೆ, ಅವರು ಗಾಬರಿಯಾಗಬೇಕಿಲ್ಲ.

ಅಮೆರಿಕದಲ್ಲಿರುವ ನಮ್ಮವರಿಗೆ ಈ ಪ್ರಶ್ನೆ ಇನ್ನೂ ಹತ್ತಿರದ್ದು. ಬರೆದ ರಾಜ್ಯದಲ್ಲಿ ಸಿಂಧುವಾದ ವಿಲ್ಲನ್ನು ಬಹುತೇಕ ರಾಜ್ಯಗಳು ಒಪ್ಪುತ್ತವೆ. ಆದರೆ ಸಾಕ್ಷಿಗಳಿಲ್ಲದೆ ಕೈಬರಹದಲ್ಲಿ ಬರೆದದ್ದು ಟೆಕ್ಸಸ್, ಕ್ಯಾಲಿಫೋರ್ನಿಯಾಗಳಲ್ಲಿ ನಡೆದರೂ ಫ್ಲೋರಿಡಾದಲ್ಲಿ ನಡೆಯದು. ಕ್ಯಾಲಿಫೋರ್ನಿಯಾ, ಟೆಕ್ಸಸ್, ವಾಷಿಂಗ್ಟನ್ ಸೇರಿ ಒಂಬತ್ತು ರಾಜ್ಯಗಳಲ್ಲಿ ದಾಂಪತ್ಯದಲ್ಲಿ ಗಳಿಸಿದ್ದು ಗಂಡ ಹೆಂಡತಿ ಇಬ್ಬರಿಗೂ ಸಮ. ನ್ಯೂಜೆರ್ಸಿಯಿಂದ ಡಲ್ಲಾಸಿಗೆ ಹೋದವರು ಅಲ್ಲಿ ಮುಂದೆ ಗಳಿಸುವುದರ ಮೇಲೆ ಹಳೆಯ ವಿಲ್ ಎಷ್ಟು ಓಡುತ್ತದೆ ಎಂದು ಅಲ್ಲಿನ ವಕೀಲರಿಂದ ಓದಿಸಿಕೊಳ್ಳಲೇಬೇಕು. ಶಿವಮೊಗ್ಗದ ಅಡಿಕೆ ತೋಟಕ್ಕೆ ಭಾರತದಲ್ಲೇ ಪ್ರತ್ಯೇಕ ವಿಲ್ ಇರುವುದು ಒಳ್ಳೆಯದು. ಅಂಥ ಎರಡು ವಿಲ್‌ಗಳಿದ್ದಾಗ ‘ಹಿಂದಿನ ಎಲ್ಲ ವಿಲ್‌ಗಳನ್ನು ರದ್ದುಪಡಿಸಿದ್ದೇನೆ’ ಎಂಬ ಮಾಮೂಲಿ ವಾಕ್ಯ ಒಂದರಲ್ಲಿ ಸೇರಿ ಇನ್ನೊಂದನ್ನು ಅಳಿಸದಂತೆ ಎಚ್ಚರ ಬೇಕು.

ನಾಮಿನಿ ಇದ್ದಾರಲ್ಲ, ವಿಲ್ ಯಾಕೆ ಎನ್ನುವವರಿಗೆ ಒಂದು ಮಾತು: ಸಾಮಾನ್ಯವಾಗಿ ನಾಮಿನಿ ಹಣ ಪಡೆಯುವ ಹಕ್ಕಿನವರು, ಒಡೆಯರಲ್ಲ. ಷೇರುಗಳ ವಿಚಾರದಲ್ಲೂ ಇದೇ ಎಂದು ಶಕ್ತಿ ಯಜ್ದಾನಿ ಪ್ರಕರಣದಲ್ಲಿ 2023ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಊರು ಬದಲಿಸುವವರು ಮಾಡಬೇಕಾದ್ದು ಬಹಳವಿಲ್ಲ. ವಿಲ್‌ನ ಕೊನೆಯ ಪುಟ ತೆರೆದು ಆ ಇಬ್ಬರು ಸಾಕ್ಷಿಗಳ ಪೂರ್ಣ ಹೆಸರು, ಈಗಿನ ವಿಳಾಸ, ಫೋನ್ ನಂಬರ್ ಬೇರೆ ಹಾಳೆಯಲ್ಲಿ ಬರೆದು ಜೊತೆಗಿಡಿ. ವಿಲ್ ಪ್ರತಿಯ ಮೇಲೆ ಗೀಚಬೇಡಿ. ಇಬ್ಬರೂ ಇಲ್ಲವಾಗಿದ್ದರೆ ಅಥವಾ ತೀರಾ ವಯಸ್ಸಾದವರಾಗಿದ್ದರೆ, ಅದೇ ಹಂಚಿಕೆಯನ್ನು ನಿಮ್ಮ ಭಾಷೆಯಲ್ಲಿ, ನಿಮಗಿಂತ ಕಿರಿಯರಾದ, ಆಸ್ತಿಯಲ್ಲಿ ಪಾಲಿಲ್ಲದ ಇಬ್ಬರ ಎದುರು ಮತ್ತೆ ಬರೆಸಿ. ಸಾಧ್ಯವಾದರೆ ಹಳೆಯ ಊರಿಗೆ ಹೋದಾಗಲೇ ಆ ಕೆಲಸ ಮುಗಿಸಿ. ಬೇರೆ ರಾಜ್ಯದಲ್ಲಿ ಕೃಷಿ ಜಮೀನಿದ್ದರೆ ಆ ರಾಜ್ಯದ ಭೂ ಕಾಯ್ದೆ ಬಲ್ಲವರನ್ನು ಕೇಳಿ.

ಶಾಸನ ಮಾಡುವವರಿಗೂ ಒಂದು ಮಾತಿದೆ. 1925ರ ಉತ್ತರಾಧಿಕಾರ ಕಾಯ್ದೆಯ ಸೆಕ್ಷನ್ 273ರ ಪ್ರಕಾರ ಹೈಕೋರ್ಟ್ ಕೊಟ್ಟ ಪ್ರೊಬೇಟ್ ಬೇರೆ ರಾಜ್ಯಗಳ ಆಸ್ತಿಗೂ ಸಲ್ಲುತ್ತದೆ. ಜಿಲ್ಲಾ ನ್ಯಾಯಾಧೀಶರು ಕೊಟ್ಟದ್ದು ಸಲ್ಲಬೇಕಾದರೆ ಹೊರರಾಜ್ಯದ ಆಸ್ತಿಯ ಬೆಲೆ 10,000 ರೂಪಾಯಿ ಮೀರಿರಬಾರದು. ಇಂದು ಆ ಹಣಕ್ಕೆ ಯಾವ ಊರಿನಲ್ಲೂ ಒಂದು ನಿವೇಶನದ ಮೂಲೆಯೂ ಬರುವುದಿಲ್ಲ. ಕೊಪ್ಪಳದ ಕುಟುಂಬವೊಂದಕ್ಕೆ ಸೊಲ್ಲಾಪುರದಲ್ಲಿ ಒಂದು ಸಣ್ಣ ಮನೆಯಿದ್ದರೂ ಜಿಲ್ಲಾ ನ್ಯಾಯಾಲಯದ ಆದೇಶ ಸಾಲದೆ ಹೈಕೋರ್ಟಿಗೆ ಅಲೆಯಬೇಕಾಗುತ್ತದೆ. 213ನ್ನು ತೆಗೆದ ಸಂಸತ್ತು ಈ ಮಿತಿಯನ್ನೂ ಕಾಲಕ್ಕೆ ತಕ್ಕಂತೆ ಏರಿಸಬೇಕು.